ಹೊರುವವನಿಗೆ ಮೊದಲು ಬಲ

ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡುತ್ತ ಬೆಳೆದ ನಮ್ಮ ಸೀಮೆಯವರಿಗೆ ಏರುವುದೆಂದರೆ ಮೊದಲಿನಿಂದಲೂ ಒಂದು ಹಟ. ಹಿರಿಯರು ಕಾಲಿನ ಬಲದಿಂದ ಏರಿದರು. ಇಂದಿನ ತರುಣರು ನಾಲ್ಕು ಚಕ್ರಗಳಿಗೂ ಬಲ ಹಾಯುವ ಜೀಪುಗಳಲ್ಲಿ ಏರಬಯಸುತ್ತಾರೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕರಲ್ಲಿ ಯಾವ ಊರಿನ ಪೇಟೆಬೀದಿಯಲ್ಲಿ ನಿಂತರೂ ಎತ್ತರದ ಟೈರುಗಳನ್ನು ತೊಟ್ಟು ಗುಡುಗುತ್ತ ಹೋಗುವ ಇಂಥದೊಂದು ವಾಹನ ಕಣ್ಣಿಗೆ ಬೀಳದೆ ಇರದು.

ಕನ್ನಡ ಪಾಠ ಹೇಳುವವನಿಗೆ ಗೇರುಪೆಟ್ಟಿಗೆಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣ, ನನ್ನ ಹಳೆಯ ಶಿಷ್ಯನೊಬ್ಬ. ಅವನ ಮನೆಯವರು ಪಾವಗಡದ ಕಡೆಯವರು. ತಮ್ಮ ಹೊಲವನ್ನು ಸೌರವಿದ್ಯುತ್ತಿನ ಉದ್ಯಾನಕ್ಕೆ ಗುತ್ತಿಗೆಯಾಗಿ ಕೊಟ್ಟವರು. ಈ ವರ್ಷದ ಗುತ್ತಿಗೆಯ ಹಣವನ್ನು ತನ್ನ ಜೀಪಿನ ಎಂಜಿನ್ನಿಗೆ ಸುರಿಯಬೇಕೆಂದು ಅವನ ಯೋಚನೆ.

“ಐದರಲ್ಲೊಂದು ಪಾಲು ಬಲ ಹೆಚ್ಚಿಸಿಕೊಡುತ್ತಾರಂತೆ ಸಾರ್. ಒಂದೇ ದಿನದ ಕೆಲಸವಂತೆ” ಎಂದ.

“ಆ ಬಲವನ್ನು ಹೊರಬೇಕಾದ ಗೇರುಪೆಟ್ಟಿಗೆಯ ಗತಿ ಏನಪ್ಪ?” ಎಂದು ಕೇಳಿದೆ.

“ಅದು ಆಟೋಮ್ಯಾಟಿಕ್ ಅಲ್ಲವೆ ಸಾರ್! ತಾನೇ ಹೊಂದಿಕೊಳ್ಳುತ್ತದೆ.”

ಈ ಒಂದು ಮಾತಿನಲ್ಲಿ ಎಷ್ಟು ಮನೆಗಳ ಹಣ ಕರಗಬಲ್ಲುದೆಂಬುದನ್ನು ವಿವರಿಸುವುದೇ ಈ ವಾರದ ಉದ್ದೇಶ.

ಸ್ವಯಂಚಾಲಿತ ಗೇರು ಹೊಸದೇನೂ ಅಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1939ರಲ್ಲೇ ‘ಹೈಡ್ರಾಮ್ಯಾಟಿಕ್’ ಎಂಬ ಹೆಸರಿನಿಂದ ಅದನ್ನು ಪೇಟೆಗೆ ತಂದಿತು. ಎರಡನೆಯ ಮಹಾಯುದ್ಧದಲ್ಲಿ ಅದು ಹಗುರ ಟ್ಯಾಂಕುಗಳಲ್ಲಿಯೂ ದುಡಿಯಿತು. ನಮ್ಮ ಕಡೆಯ ತರುಣರಿಗೆ ಅಚ್ಚುಮೆಚ್ಚಾದ ಮಹೀಂದ್ರ ಥಾರ್ ವಾಹನದಲ್ಲಿ ಮಾತ್ರ ಅದು ದೊರೆತದ್ದು 2020ರ ಅಕ್ಟೋಬರಿನಲ್ಲಿ ಬಂದ ಎರಡನೆಯ ತಲೆಮಾರಿನಿಂದ. ಆ ಪೆಟ್ರೋಲ್ ಎಂಜಿನ್ನು ಸ್ವಯಂಚಾಲಿತ ಗೇರಿನೊಡನೆ 320 ನ್ಯೂಟನ್ ಮೀಟರಿನಷ್ಟು ತಿರುಚುಬಲವನ್ನು ಕೊಡುತ್ತದೆ. ಯಂತ್ರಜ್ಞರು ಟಾರ್ಕ್ ಎನ್ನುವುದು ಇದನ್ನೇ.

ಈ ಬಲ ಚಕ್ರವನ್ನು ಮುಟ್ಟುವ ದಾರಿಯನ್ನು ನೋಡಿ. ಎಂಜಿನ್ನಿನ ಬೆನ್ನಿಗೇ ಎಣ್ಣೆ ತುಂಬಿದ ಒಂದು ಗುಂಡು ಡಬ್ಬವಿದೆ. ಅದು ಟಾರ್ಕ್ ಕನ್ವರ್ಟರ್. ಅದರೊಳಗೆ ಎದುರುಬದುರಾಗಿ ಎರಡು ರೆಕ್ಕೆಚಕ್ರಗಳು. ಒಂದು ಎಣ್ಣೆಯನ್ನು ಎರಚುತ್ತದೆ. ಆ ರಭಸಕ್ಕೆ ಇನ್ನೊಂದು ತಿರುಗುತ್ತದೆ. ನಡುವಣ ಮೂರನೆಯ ಚಕ್ರ ಮರಳುವ ಎಣ್ಣೆಯ ದಿಕ್ಕನ್ನು ತಿದ್ದಿ, ವಾಹನ ಹೊರಡುವ ಗಳಿಗೆಯಲ್ಲಿ ಬಲವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಅದರಾಚೆಗೆ ಸೂರ್ಯಚಕ್ರ, ಅದನ್ನು ಸುತ್ತುವ ಗ್ರಹಚಕ್ರಗಳು, ಹೊರಗೊಂದು ಬಳೆಚಕ್ರ. ಇವುಗಳಲ್ಲಿ ಯಾವುದನ್ನು ಹಿಡಿದು ಯಾವುದನ್ನು ಬಿಡಬೇಕೆಂಬುದೇ ಗೇರು ಬದಲಾವಣೆ. ಹಿಡಿಯುವ ಕೆಲಸ ಕ್ಲಚ್ಚಿನ ತಟ್ಟೆಗಳದು. ತುಮಕೂರಿನ ತಟ್ಟೆ ಇಡ್ಲಿಯ ಪಾತ್ರೆಯಲ್ಲಿರುವಂತೆ ಅವು ಒಂದರ ಮೇಲೊಂದು ಕುಳಿತಿರುತ್ತವೆ: ಒಂದು ಬರಿಯ ಉಕ್ಕು, ಮತ್ತೊಂದು ಘರ್ಷಣೆಯ ಲೇಪವುಳ್ಳದ್ದು. ಎಣ್ಣೆಯ ಒತ್ತಡ ಅವನ್ನು ಅದುಮಿ ಹಿಡಿಯುತ್ತದೆ.

ಈಗ ಶಿಷ್ಯನ ಲೆಕ್ಕಕ್ಕೆ ಬರೋಣ. ಎಂಜಿನ್ನಿಗೆ 60 ನ್ಯೂಟನ್ ಮೀಟರ್ ಕೂಡಿಸಿದನೆನ್ನಿ. ಹೊರಡುವಾಗ ಕನ್ವರ್ಟರಿನಲ್ಲಿ ಅದು 120 ಆಗುತ್ತದೆ. ಮೊದಲನೆಯ ಗೇರು ಮೂರೂವರೆ ಪಟ್ಟಿನದಾದರೆ 420. ಏರುದಾರಿಗೆಂದು ಕೆಳಗಿನ ಶ್ರೇಣಿಯ ಗೇರು ಹಾಕಿ, ಅದು ಎರಡೂವರೆ ಪಟ್ಟಿನದಾದರೆ 1,050. ಘರ್ಷಣೆಯಲ್ಲಿ ಸ್ವಲ್ಪ ನಷ್ಟವಾಗುವುದು ನಿಜ. ಆದರೂ ಎಂಜಿನ್ನಿನಲ್ಲಿ ಅಲ್ಪವೆಂದು ತೋರಿದ ಹೆಚ್ಚಳ ಹಿಂದಿನ ದಂಡಗಳಲ್ಲಿ ಎಷ್ಟಾಯಿತೆಂಬುದು ಕಾಣುತ್ತದಲ್ಲವೆ? ಇದರ ಮೊದಲ ಪೆಟ್ಟು ಕ್ಲಚ್ಚಿನ ತಟ್ಟೆಗಳಿಗೆ. ಅವು ಜಾರುತ್ತವೆ; ಜಾರಿದರೆ ಲೇಪ ಸುಡುತ್ತದೆ; ಸುಟ್ಟ ಪುಡಿ ಎಣ್ಣೆಯಲ್ಲಿ ಬೆರೆತು ಒತ್ತಡವನ್ನು ಹಂಚುವ ಸಣ್ಣ ದ್ವಾರಗಳನ್ನು ಕಟ್ಟುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದುಂಟು. ಈಗಿನ ವಾಹನಗಳಲ್ಲಿ ಎಂಜಿನ್ನಿನ ಗಣಕ ತಾನು ಎಷ್ಟು ಬಲ ಕೊಡುತ್ತಿದ್ದೇನೆಂದು ಗೇರಿನ ಗಣಕಕ್ಕೆ ತಿಳಿಸುತ್ತದೆ. ಆ ಮಾತನ್ನು ನಂಬಿ ಗೇರು ತಟ್ಟೆಗಳ ಒತ್ತಡವನ್ನು ನಿಶ್ಚಯಿಸುತ್ತದೆ. ಅಗ್ಗದ ದರಕ್ಕೆ ದೊರೆಯುವ ಕೆಲವು ಬಲವರ್ಧಕ ಪೆಟ್ಟಿಗೆಗಳು ಎಂಜಿನ್ನಿಗೇ ಸುಳ್ಳು ಸಂಕೇತ ಕೊಟ್ಟು ಬಲ ಹೆಚ್ಚಿಸುತ್ತವೆ. ಆಗ ಹೊರೆ ಹೆಚ್ಚಿರುತ್ತದೆ, ಸುದ್ದಿ ಮಾತ್ರ ಹಳೆಯದೇ ಇರುತ್ತದೆ. ಮೂಟೆ ಹೊರುವವನಿಗೆ ತೂಕವನ್ನು ಮುಚ್ಚಿಟ್ಟು ತಲೆಯ ಮೇಲಿಟ್ಟಂತೆ.

ಪಾವಗಡದವರಿಗೆ ಇದಕ್ಕೆ ದೂರದ ದೃಷ್ಟಾಂತ ಬೇಕಿಲ್ಲ. 2018ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ ‘ಶಕ್ತಿಸ್ಥಳ’ ಸೌರ ಉದ್ಯಾನ ಸುಮಾರು 13,000 ಎಕರೆಗಳಲ್ಲಿ ಹರಡಿದೆ. ಅದರ ಸಾಮರ್ಥ್ಯ 2,050 ಮೆಗಾವ್ಯಾಟ್. ಅಷ್ಟು ವಿದ್ಯುತ್ತನ್ನು ಊರೊಳಗಿನ ಕಂಬದ ತಂತಿಗೆ ಜೋಡಿಸಲಿಲ್ಲ. ಅದನ್ನು ಒಟ್ಟುಗೂಡಿಸುವ ಉಪಕೇಂದ್ರಗಳನ್ನು ಕಟ್ಟಿ, 400 ಕಿಲೋವೋಲ್ಟಿನ ಮಾರ್ಗಗಳಲ್ಲಿ ಸಾಗಿಸುತ್ತಾರೆ. ಹೊಲದಲ್ಲಿ ಹಲಗೆ ನೆಟ್ಟಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಯಾವ ಹೊಲದ ಗುತ್ತಿಗೆಯಿಂದ ಶಿಷ್ಯನಿಗೆ ಹಣ ಬಂದಿತೋ ಆ ಹೊಲವೇ ಅವನಿಗೆ ಈ ಪಾಠವನ್ನು ಹೇಳುತ್ತಿದೆ.

ಹಾಗಾದರೆ ಬಲ ಹೆಚ್ಚಿಸುವುದೇ ತಪ್ಪೆ? ತಪ್ಪಲ್ಲ, ಕ್ರಮ ತಪ್ಪಬಾರದು. ಮೊದಲು ಉಷ್ಣವನ್ನು ಗೆಲ್ಲಬೇಕು. ಗೇರಿನ ಎಣ್ಣೆ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಖವಾಗಿರುತ್ತದೆ. 120 ಮೀರಿದರೆ ಬೇಗನೆ ಕೆಡುತ್ತದೆ. ನಮ್ಮ ಕಡೆಯ ವೈಶಾಖದ ಬಿಸಿಲಿನಲ್ಲಿ, ಜಯಮಂಗಲಿಯಂಥ ಬತ್ತಿದ ಹೊಳೆಯ ಮರಳಿನಲ್ಲಿ ನಿಧಾನವಾಗಿ ಒದ್ದಾಡುವ ವಾಹನದ ಕನ್ವರ್ಟರಿನೊಳಗೆ ಎಣ್ಣೆ ಕಡೆದು ಕಡೆದು ಕಾಯುತ್ತದೆ. ಆದಕಾರಣ ಎಣ್ಣೆಯನ್ನು ತಣಿಸುವ ಹೆಚ್ಚಿನ ಕೂಲರು, ಶಾಖ ತೋರಿಸುವ ಮಾಪಕ, ಕಾಲಕಾಲಕ್ಕೆ ಹೊಸ ಎಣ್ಣೆ, ಇವೇ ಮೊದಲ ಖರ್ಚು. ಎರಡನೆಯದು ಗೇರುಪೆಟ್ಟಿಗೆಯ ಒಳಗಿನ ಕೆಲಸ: ಉತ್ತಮ ಲೇಪದ, ಸಾಧ್ಯವಾದಲ್ಲಿ ಸಂಖ್ಯೆಯಲ್ಲಿಯೂ ಹೆಚ್ಚಾದ ತಟ್ಟೆಗಳು; ಎಣ್ಣೆಯ ಒತ್ತಡದ ತಿದ್ದುಪಡಿ; ಗಟ್ಟಿಯಾದ ಕನ್ವರ್ಟರು. ಮೂರನೆಯದು ಹಿಂದಿನ ದಂಡ ಮತ್ತು ಆಕ್ಸಲುಗಳ ಪರೀಕ್ಷೆ. ಗೇರು ಗಟ್ಟಿಯಾದರೆ ಪೆಟ್ಟು ಅವಕ್ಕೆ ದಾಟುತ್ತದೆ. ಎಂಜಿನ್ನಿನ ಸರದಿ ಕಟ್ಟಕಡೆಗೆ. ಆಗಲೂ ಎರಡು ಗಣಕಗಳನ್ನೂ ಒಟ್ಟಿಗೆ ಹೊಂದಿಸಬೇಕು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಕೆಲಸಕ್ಕೆ ಕೈಹಾಕುವ ಮೊದಲು ಮಧುಗಿರಿಯ ಸಾರಿಗೆ ಕಛೇರಿಯಲ್ಲಿ ವಿಚಾರಿಸುವುದು, ವಿಮಾ ಕಂಪನಿಗೆ ತಿಳಿಸುವುದು, ತಯಾರಕರ ಖಾತರಿ ಉಳಿಯುವುದೋ ಅಳಿಯುವುದೋ ಎಂದು ಬರಹದಲ್ಲಿ ಪಡೆಯುವುದು ವಿವೇಕ. ಅಪಘಾತವಾದ ಮೇಲೆ ಕೇಳಿದರೆ ಉತ್ತರ ಹಿತವಾಗಿರುವುದಿಲ್ಲ.

ಮನೆಯ ಯಜಮಾನರಲ್ಲಿ ಒಂದು ಬಿನ್ನಹ. ಮಗ ಇಂಥ ಆಸೆಯನ್ನು ಮುಂದಿಟ್ಟಾಗ ‘ಬೇಡ’ ಎಂದು ಬಾಗಿಲು ಮುಚ್ಚಬೇಡಿ. ಮುಚ್ಚಿದರೆ ಅವನು ಗುಟ್ಟಾಗಿ ಅಗ್ಗದ ಪೆಟ್ಟಿಗೆಯನ್ನು ಕಟ್ಟಿಸಿಕೊಂಡು ಬರುತ್ತಾನೆ. ಎಲ್ಲ ಖರ್ಚನ್ನೂ ಒಂದು ಹಾಳೆಯಲ್ಲಿ, ಮಾಡಬೇಕಾದ ಕ್ರಮದಲ್ಲಿಯೇ ಬರೆದು ತರಲು ಹೇಳಿ. ಕೂಲರಿನಿಂದ ಆಕ್ಸಲಿನವರೆಗೆ ಮೊತ್ತ ಕೂಡಿಸಿದ ಮೇಲೂ ಆಸೆ ಉಳಿದರೆ, ಅದು ಬರಿಯ ಚಪಲವಲ್ಲವೆಂದು ತಿಳಿದು ಮುಂದಿನ ಮಾತಾಡಬಹುದು.