ಪಟ್ಟಿ ತುಂಬ ಹೆಸರು, ಮನೆಗೆ ಬೀಗ

ನಮ್ಮ ಸಂಘದ ಬ್ಲಾಗಿಗೆ ಓದುಗರಿಲ್ಲವೆಂಬ ಕೊರಗು ಕಾರ್ಯಕಾರಿ ಸಮಿತಿಯನ್ನು ಮತ್ತೆ ಕಾಡತೊಡಗಿದೆ. ಕಾಡಲಿ, ಒಳ್ಳೆಯದೇ. ಆದರೆ ಅದಕ್ಕೆ ಸೂಚಿಸಿರುವ ಮದ್ದನ್ನು ಕಂಡು ಸುಮ್ಮನಿರಲಾರದೆ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ನಮ್ಮ ಬ್ಲಾಗಿನ ಫೀಡನ್ನು ಅಂತರಜಾಲದ ಮುನ್ನೂರು ಫೀಡ್ ಡೈರೆಕ್ಟರಿಗಳಲ್ಲಿ ನೋಂದಾಯಿಸಿಕೊಡುವುದಾಗಿ ಗುತ್ತಿಗೆದಾರರೊಬ್ಬರು ಮುಂದೆ ಬಂದಿದ್ದಾರಂತೆ. ಹಣ ಮುಂಗಡ. ವಾರ್ಷಿಕ ಮಹಾಸಭೆಯಲ್ಲಿ ಇದಕ್ಕೆ ಮಂಜೂರಾತಿ ಕೇಳಲಿದ್ದಾರೆ. ನಾನು ವಿರೋಧಿಸಲಿದ್ದೇನೆ. ಏಕೆಂಬುದು ಸದಸ್ಯರಿಗೆ ಮೊದಲೇ ತಿಳಿದಿರಲಿ.

ಫೀಡ್ ಎಂದರೇನೆಂದು ಹಿರಿಯ ಸದಸ್ಯರು ಹಲವರು ಕೇಳಿದ್ದಾರೆ. ಮಾಯೆಯೇನಲ್ಲ. ತಾಣದಲ್ಲಿ ಹೊಸದಾಗಿ ಪ್ರಕಟವಾದ ಲೇಖನಗಳ ಶೀರ್ಷಿಕೆ, ತಾರೀಖು, ಕೊಂಡಿ, ಸಾರಾಂಶ ಅಥವಾ ಪೂರ್ತಿ ಲೇಖನ, ಇಷ್ಟನ್ನು ಒಂದು ಕ್ರಮದಲ್ಲಿ ಬರೆದಿಟ್ಟ ಕಡತ ಅದು. ಓದುಗನ ಬಳಿ ಇರುವ ಫೀಡ್ ರೀಡರ್ ಎಂಬ ತಂತ್ರಾಂಶ ಆಗಾಗ ಬಂದು ಆ ಕಡತವನ್ನು ಇಣುಕಿ, ಹೊಸದಿದ್ದರೆ ಒಯ್ಯುತ್ತದೆ. ಪತ್ರಿಕೆ ಹಾಕುವ ಹುಡುಗನನ್ನು ನಾವು ಕಳಿಸಬೇಕಾಗಿಲ್ಲ, ಓದುಗನೇ ತನ್ನ ಹುಡುಗನನ್ನು ಕಳಿಸಿಕೊಳ್ಳುತ್ತಾನೆ. ಅಂಚೆವೆಚ್ಚವಿಲ್ಲ, ಚಂದಾದಾರನ ವಿಳಾಸವೂ ಬೇಡ. 1999ರಲ್ಲಿ ನೆಟ್‌ಸ್ಕೇಪ್ ಕಂಪೆನಿಯಲ್ಲಿ ಹುಟ್ಟಿದ ಆರ್‌ಎಸ್‌ಎಸ್ ಎಂಬ ಈ ಏರ್ಪಾಡು ವರ್ಡ್‌ಪ್ರೆಸ್ಸಿನಲ್ಲಿ ತಾಣ ತೆರೆದ ಯಾರಿಗಾದರೂ ತಾನಾಗಿಯೇ ಸಿಗುತ್ತದೆ. ಕಾಸು ಬೀಳುವುದಿಲ್ಲ. ಕಾಸು ಬೀಳುವುದು ಅದನ್ನು ‘ನೋಂದಾಯಿಸುವ’ ಮಾತು ಬಂದಾಗ.

ಡೈರೆಕ್ಟರಿಗಳಿಗೂ ಒಂದು ಕಾಲವಿತ್ತು, ಇಲ್ಲವೆನ್ನುವುದಿಲ್ಲ. 2002ರಲ್ಲಿ ಆರಂಭವಾದ ಟೆಕ್ನೊರಾಟಿಯಂಥ ತಾಣಕ್ಕೆ ‘ಹೊಸದು ಬರೆದಿದ್ದೇನೆ’ ಎಂಬ ಸೂಚನೆ ಮುಟ್ಟಿಸಿದರೆ ಅಲ್ಲಿ ಹುಡುಕುವವರ ಕಣ್ಣಿಗೆ ಬೀಳುತ್ತಿತ್ತು. ಅದು ಬ್ಲಾಗುಗಳ ಪಟ್ಟಿ ಮಾಡುವುದನ್ನು 2014ರಲ್ಲಿ ನಿಲ್ಲಿಸಿತು. ಯಾಹೂ ಡೈರೆಕ್ಟರಿ ಅದೇ ವರ್ಷದ ಕೊನೆಗೆ ಮುಚ್ಚಿತು. ಸ್ವಯಂಸೇವಕರು 1998ರಿಂದ ಕಟ್ಟುತ್ತ ಬಂದ ಡಿಮೋಜ್ 2017ರ ಮಾರ್ಚಿನಲ್ಲಿ ಬಾಗಿಲು ಹಾಕಿತು. ದೊಡ್ಡವೇ ಹೋದ ಮೇಲೆ ಈ ಮುನ್ನೂರು ಎಲ್ಲಿಂದ ಬಂದವು? ಪಟ್ಟಿ ಕೇಳಿ ಪಡೆದು ಒಂದು ಭಾನುವಾರ ಕುಳಿತು ನೋಡಿದೆ. ಕೆಲವು ತೆರೆಯಲೇ ಇಲ್ಲ. ಕೆಲವುಗಳಲ್ಲಿ ಜೂಜಿನ ಜಾಹೀರಾತಿನ ನಡುವೆ ನಾವೆಲ್ಲಿ ಕೂರಬೇಕೋ ತಿಳಿಯಲಿಲ್ಲ. ಕನ್ನಡ ಎಂಬ ವಿಭಾಗ ನನಗೆ ಎಲ್ಲಿಯೂ ಕಾಣಲಿಲ್ಲ. ಸಿಕ್ಕರೆ ‘ಏಷ್ಯ, ಇತರೆ’ ಎಂಬಲ್ಲಿ ಜಾಗ. ಮುಂಬಯಿಯಲ್ಲಿ ಇತರೆಯಾಗಿ ಬಾಳಿದ್ದು ಸಾಲದೆಂದು ದುಡ್ಡು ಕೊಟ್ಟು ಅಲ್ಲಿಯೂ ಇತರೆಯಾಗಬೇಕೇ?

ಹೆಚ್ಚು ಕಡೆ ಕೊಂಡಿಯಿದ್ದರೆ ಗೂಗಲ್ ನಮ್ಮನ್ನು ಮೇಲಕ್ಕೆತ್ತುತ್ತದೆ ಎಂಬುದು ಗುತ್ತಿಗೆದಾರರ ವಾದ. ಗೂಗಲಿನ ನಿಯಮಾವಳಿಯನ್ನು ಅವರು ಓದಿದಂತಿಲ್ಲ. ಕಳಪೆ ಡೈರೆಕ್ಟರಿಗಳ ಕೊಂಡಿಗಳನ್ನು ಅದರಲ್ಲಿ ಸ್ಪ್ಯಾಮ್ ಎಂದೇ ಕರೆದಿದ್ದಾರೆ. 2012ರ ಏಪ್ರಿಲಿನಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ಬಂದಾಗ ಇಂಥ ಕೊಂಡಿಗಳನ್ನು ಗುಡ್ಡೆಹಾಕಿಕೊಂಡಿದ್ದ ತಾಣಗಳು ಕೆಳಗುರುಳಿದವು. ನೆಗಡಿಯಾಗಲೆಂದು ದುಡ್ಡು ಕೊಟ್ಟು ಮಳೆಯಲ್ಲಿ ನೆನೆಯುವವರನ್ನು ನಾನು ಇದುವರೆಗೆ ಕಂಡಿರಲಿಲ್ಲ.

ಆದರೆ ನನಗೆ ನಿಜವಾಗಿ ನೋವು ಹಣದ ಬಗ್ಗೆ ಅಲ್ಲ. ಈ ಕೆಲಸ ನಾವು ಹಿಂದೊಮ್ಮೆ ಮಾಡಿ ಆಗಿದೆ. ಆಗ ನೂರು ಪಟ್ಟಿ ಎಂದಿದ್ದರು. ಖಜಾಂಚಿ ನಾನೇ, ಚೆಕ್ಕಿಗೆ ಸಹಿ ಹಾಕಿದವನೂ ನಾನೇ. ಡೊಂಬಿವಲಿಯ ನಿವೃತ್ತ ಮೇಷ್ಟ್ರೊಬ್ಬರು ಆಗ ನಮ್ಮ ತಾಣದಲ್ಲಿ ಫೋರ್ಟಿನ ಕನ್ನಡ ರಾತ್ರಿಶಾಲೆಯ ನೆನಪುಗಳನ್ನು ಬರೆಯುತ್ತಿದ್ದರು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಬೆಂಚಿನ ಮೇಲೆ ತೂಕಡಿಸುವ ಹುಡುಗರು, ಹುಡುಗ ಮೆಟ್ರಿಕ್ ಪಾಸಾದನೆಂದು ಆ ದಿನ ಗಿರಾಕಿಗಳಿಗೆಲ್ಲ ಪುಕ್ಕಟೆ ಕಾಫಿ ಕೊಟ್ಟ ಧಣಿ, ಬೈದು ಬೈದೇ ಫೀಸು ಕಟ್ಟುತ್ತಿದ್ದ ಇನ್ನೊಬ್ಬ ಧಣಿ. ಬೇರೆಲ್ಲೂ ದಾಖಲಾಗದ ಸಂಗತಿಗಳು. ಪಟ್ಟಿಗೆ ಹಣ ಸುರಿದ ಮರುವರ್ಷ ತಾಣದ ವಿಳಾಸದ ನವೀಕರಣ ಶುಲ್ಕ ಕಟ್ಟುವುದನ್ನೇ ಮರೆತೆವು. ವಿಳಾಸ ಪರರ ಪಾಲಾಯಿತು. ಬಾಡಿಗೆಯ ಜಾಗವೂ ಅದೇ ಖಾತೆಯಲ್ಲಿದ್ದುದರಿಂದ ಬರಹಗಳೂ ಅಳಿದವು. ಮೇಷ್ಟ್ರು ಅಷ್ಟರಲ್ಲಿ ತೀರಿಕೊಂಡಿದ್ದರು. ನೂರು ಪಟ್ಟಿಗಳಲ್ಲಿ ಬದುಕಿದ್ದವು ಮಾತ್ರ ನಮ್ಮ ಹೆಸರು ಹೇಳಿ ಇನ್ನೊಬ್ಬರ ಅಂಗಡಿಗೆ ದಾರಿ ತೋರಿಸುತ್ತಿದ್ದವು.

ಉಳಿದದ್ದೆಲ್ಲ ಪುಣೆಯ ಒಬ್ಬ ಓದುಗರಿಂದ. ಸಂಘದ ಸದಸ್ಯರೂ ಅಲ್ಲ. ನಮ್ಮ ಫೀಡಿಗೆ ಅವರು ತಾವಾಗಿ ಚಂದಾದಾರರಾಗಿದ್ದರು, ಅವರ ರೀಡರಿನಲ್ಲಿ ಹನ್ನೊಂದು ಲೇಖನಗಳು ಪೂರ್ತಿಯಾಗಿ ಕುಳಿತಿದ್ದವು. ಆಮೇಲಿನವು ಎರಡೆರಡು ಸಾಲು. ‘ಪೂರ್ತಿ ಕೊಟ್ಟರೆ ತಾಣಕ್ಕೆ ಯಾರು ಬರುತ್ತಾರೆ’ ಎಂಬ ಜಾಣತನದಿಂದ ನಡುವೆ ನಾವೇ ಫೀಡನ್ನು ಸಾರಾಂಶಕ್ಕೆ ಇಳಿಸಿದ್ದೆವು. ಈಗಿನ ಗುತ್ತಿಗೆದಾರರ ಸೂಚನೆಗಳಲ್ಲಿಯೂ ‘ಸಾರಾಂಶ ಮಾತ್ರ’ ಎಂಬ ಸಾಲು ಇದೆ, ನೋಡಿ.

ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದ ಮೇಲೆ ಫೀಡ್ ಸತ್ತಿದೆ, ವಾಟ್ಸ್ಆ್ಯಪ್ ಗುಂಪು ಸಾಕು ಎನ್ನುವ ತರುಣರಿಗೂ ಒಂದು ಮಾತು. ನೀವು ರೈಲಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಪಾಡ್‌ಕಾಸ್ಟು ನಿಮ್ಮ ಫೋನಿಗೆ ಬರುವುದು ಬಹುಮಟ್ಟಿಗೆ ಇದೇ ಆರ್‌ಎಸ್‌ಎಸ್ ಹಾದಿಯಿಂದ. ಗುಂಪಿನಲ್ಲಿ ಹಾಕಿದ್ದು ಸಂಜೆಯೊಳಗೆ ‘ಶುಭೋದಯ’ಗಳ ಕೆಳಗೆ ಹೂತುಹೋಗುತ್ತದೆ. ಆರ್ಕುಟ್ಟಿನಲ್ಲಿ ನಾವು ಎಷ್ಟು ಹರಟಿದ್ದೆವು! 2014ರ ಸೆಪ್ಟೆಂಬರಿನಲ್ಲಿ ಅದು ಮುಚ್ಚಿದಾಗ ಯಾರು ನಮ್ಮನ್ನು ಕೇಳಿದರು?

ಪ್ರಚಾರ ಬೇಡವೆಂದು ನಾನು ಹೇಳುತ್ತಿಲ್ಲ. ಗುತ್ತಿಗೆದಾರರಿಗೆ ಕೊಡುವ ಹಣದಲ್ಲಿ ವಿಳಾಸವನ್ನು ಹತ್ತು ವರ್ಷಕ್ಕೆ ಒಮ್ಮೆಗೇ ಕಟ್ಟಿಬಿಡಬಹುದು. ಫೀಡನ್ನು ಪೂರ್ತಿಯಾಗಿ ಬಿಡಿ. ಅದರ ವಿಳಾಸವನ್ನು ಈ ಪತ್ರಿಕೆಯ ಒಳಪುಟದಲ್ಲಿ ಪ್ರತಿ ತಿಂಗಳೂ ಅಚ್ಚುಹಾಕಿ. ಪುಣೆ, ಚೆನ್ನೈ, ಹೈದರಾಬಾದು, ದೆಹಲಿಯ ಸಂಘಗಳಿಗೆ ಪತ್ರ ಬರೆದು, ಅವರ ತಾಣ ನಮ್ಮಲ್ಲಿ, ನಮ್ಮದು ಅವರಲ್ಲಿ ಎಂದು ಕೇಳಿಕೊಳ್ಳಿ. ಓದಬಲ್ಲವರು ಇಟ್ಟುಕೊಂಡ ಐದು ಹೆಸರಿನ ಪಟ್ಟಿ ಅದು. ಒಂದು ಭಾನುವಾರ ಸಭಾಗೃಹದಲ್ಲಿ ಫೋನಿಗೆ ರೀಡರ್ ಹಾಕಿಕೊಳ್ಳುವುದನ್ನು ಹಿರಿಯರಿಗೆ ತೋರಿಸಿಕೊಡಲು ನಾನು ಸಿದ್ಧ. ಚಹಾದ ಖರ್ಚೂ ನನ್ನದೇ.

ಮೇಷ್ಟ್ರ ಹನ್ನೊಂದು ಲೇಖನಗಳು ನನ್ನಲ್ಲಿವೆ. ಹೊಸ ತಾಣಕ್ಕೆ ಮೊದಲು ಅವನ್ನು ಏರಿಸಬೇಕೆಂದು ಕಾರ್ಯದರ್ಶಿಗಳಿಗೆ ಎರಡು ಪತ್ರ ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.