ರೀಲ್ ಮಾಡೋಕೆ ಮುಂಚೆ ಮ್ಯಾಪ್ ಸರಿ ಮಾಡಿ

(ಉದ್ದ ಇದೆ, ಐದು ಭಾಗ. ಸೇವ್ ಮಾಡ್ಕೊಂಡು ಊಟ ಆದ್ಮೇಲೆ ಓದಿ.)

ಭಾಗ 1/5

ಮೊದಲು ನನ್ನ ತಪ್ಪು ಒಪ್ಕೊಂಡ್ಬಿಡ್ತೀನಿ.

ಹೋದ ವರ್ಷ ಧಾರವಾಡದ ಸಪ್ತಾಪುರ ಕಡೆಯ ಒಂದು ಖಾನಾವಳಿ ಬಗ್ಗೆ ರೀಲ್ ಹಾಕಿದ್ದೆ, ಕೆಲವರಿಗೆ ನೆನಪಿರಬಹುದು. ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬೋದು ಸ್ಲೋ ಮೋಷನ್‌ನಲ್ಲಿ, ಪಕ್ಕದಲ್ಲಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ "90 ರೂಪಾಯಿಗೆ ಹೊಟ್ಟೆ ತುಂಬ ಊಟ" ಅಂತ ದೊಡ್ಡ ಅಕ್ಷರ. ನನ್ನ ಅಕೌಂಟಿಗೆ ಅಷ್ಟು ವ್ಯೂಸ್ ಅದಕ್ಕೆ ಮುಂಚೆ ಯಾವತ್ತೂ ಬಂದಿರಲಿಲ್ಲ. ನಾನು ಫುಲ್ ಖುಷಿ.

ಆ ಭಾನುವಾರ ಹುಬ್ಬಳ್ಳಿಯಿಂದ, ಬೆಳಗಾವಿಯಿಂದ ಬೈಕ್ ಹತ್ತಿ ಜನ ಬಂದ್ರು. ಅಲ್ಲಿರೋದು ಆರು ಟೇಬಲ್, ರೊಟ್ಟಿ ಬಡಿಯೋರು ಇಬ್ಬರು. ಮಧ್ಯಾಹ್ನ ಒಂದೂವರೆಗೇ ಹಿಟ್ಟು ಖಾಲಿ. ಕೆಲವರು ಬಾಗಿಲು ಹಾಕಿದ್ಮೇಲೆ ನಾಲ್ಕು ಗಂಟೆಗೆ ಬಂದ್ರು, ಯಾಕಂದ್ರೆ ಮ್ಯಾಪ್‌ನಲ್ಲಿ ಯಾರೋ "24 ಗಂಟೆ ತೆರೆದಿದೆ" ಅಂತ ಹಾಕಿಟ್ಟಿದ್ರು. ಪಿನ್ ಕೂಡ ಹಿಂದಿನ ಕ್ರಾಸ್‌ನಲ್ಲಿತ್ತು. ಸಂಜೆ ಹೊತ್ತಿಗೆ ಒಂದರ ಹಿಂದೆ ಒಂದು ಒನ್ ಸ್ಟಾರ್. "ಇಷ್ಟು ದೂರ ಬಂದ್ವಿ, ಊಟಾನೇ ಇಲ್ಲ."

ಇದಕ್ಕಿಂತ ಬೇಜಾರಾಗಿದ್ದು ಇನ್ನೊಂದು. ತಿಂಗಳ ದುಡ್ಡು ಮೊದಲೇ ಕಟ್ಟಿ ಅಲ್ಲೇ ಊಟ ಮಾಡೋ ಕೋಚಿಂಗ್ ಹುಡುಗರು, ವಿಜಯಪುರ, ಬಾಗಲಕೋಟೆ ಕಡೆಯವರು, ಅವತ್ತು ಹೊರಗೆ ನಿಂತು ನಿಂತು ಬಾಳೆಹಣ್ಣು ತಿಂದು ರೂಮಿಗೆ ಹೋದ್ರು. ಮುಂದಿನ ತಿಂಗಳು ಮೂವರು ಮೆಸ್ ಬದಲಿಸಿದ್ರು.

ಅಕ್ಕ ಬೈಲಿಲ್ಲ. "ವಿಡಿಯೋ ಚಲೋ ಬಂದೈತಿ. ಆದ್ರ ಇನ್ನೊಮ್ಮೆ ಮಾಡೂ ಮುಂದ ನನ್ನ ಒಂದ್ ಮಾತ ಕೇಳು" ಅಂದ್ರು, ಅಷ್ಟೇ.

ಭಾಗ 2/5

ಅವತ್ತಿಂದ ತಲೆಯಲ್ಲಿ ಕೊರೀತಿರೋ ಪ್ರಶ್ನೆ: ಆ ರೀಲ್ ಮಾರ್ಕೆಟಿಂಗ್ ಆಗಿತ್ತು, ಸರಿ. ಆದ್ರೆ ಯಾರದ್ದು? ಖಾನಾವಳಿದ್ದಾ, ನಂದಾ?

ನನ್ನ ಅಭಿಪ್ರಾಯ ಇಷ್ಟು. ಒಂದು ಸಣ್ಣ ಹೋಟೆಲಿಗೆ ಇಂಟರ್ನೆಟ್ ಮಾಡಿಕೊಡಬೇಕಾದ ಮೊದಲ ಕೆಲಸ ಫೇಮಸ್ ಮಾಡೋದಲ್ಲ. ಎರಡು ಕಿಲೋಮೀಟರ್ ಒಳಗೆ ಹಸಿದಿರೋ ಮನುಷ್ಯನ ನಾಲ್ಕು ಪ್ರಶ್ನೆಗೆ ಸರಿಯಾದ ಉತ್ತರ ಕೊಡೋದು: ಎಲ್ಲಿದೆ? ಈಗ ತೆಗ್ದಿದೆಯಾ? ಏನು ಸಿಗುತ್ತೆ? ಎಷ್ಟಾಗುತ್ತೆ?

ರೀಲ್ ಕೆಲಸ ಮಾಡಲ್ಲ ಅಂತ ಹೇಳ್ತಿಲ್ಲ. 2021ರಲ್ಲಿ ಇಂದಿರಾನಗರದಲ್ಲಿ ಶುರುವಾದ ರಾಮೇಶ್ವರಂ ಕೆಫೆ ನೋಡಿ, ಫೋನ್ ಹಿಡ್ಕೊಂಡೇ ಸಾಲಲ್ಲಿ ನಿಲ್ತಾರೆ ಜನ. ಆದ್ರೆ ಅಲ್ಲಿನ ವ್ಯವಸ್ಥೆ ಇರೋದೇ ಗುಂಪಿಗಾಗಿ. ಕೌಂಟರ್‌ನಲ್ಲಿ ತಗೋ, ನಿಂತು ತಿನ್ನು, ಜಾಗ ಬಿಡು. ಸಾವಿರ ಜನ ಜಾಸ್ತಿ ಬಂದ್ರೂ ಹಿಟ್ಟು, ಹಂಚು, ಕೈ ಎಲ್ಲ ರೆಡಿ. ನಮ್ಮ ಖಾನಾವಳಿಯಲ್ಲಿ ರೊಟ್ಟಿ ಅಂದ್ರೆ ಎರಡು ಜೊತೆ ಕೈ. ಆ ಕೈಗೆ ವೈರಲ್ ಆಗೋದು ಗೊತ್ತಿಲ್ಲ.

ಮಾರ್ಕೆಟಿಂಗ್ ಪೇಪರ್‌ನಲ್ಲಿ ಟಾರ್ಗೆಟ್ ಕಸ್ಟಮರ್ ಅಂತ ಬರೆದು ಮಾರ್ಕ್ಸ್ ತಗೋತೀವಲ್ಲ? ಖಾನಾವಳಿಯ ಟಾರ್ಗೆಟ್ ಕಸ್ಟಮರ್ ಬೆಳಗಾವಿಯಲ್ಲಿ ಇಲ್ಲ. ಎದುರು ಗಲ್ಲಿಯ ಪಿಜಿಗೆ ನಿನ್ನೆ ತಾನೇ ಟ್ರಂಕ್ ಇಳಿಸಿದ ಹುಡುಗಿ ಅವಳು. ಅವಳಿಗೆ ಈ ಜಾಗ ಇದೆ ಅಂತಲೇ ಗೊತ್ತಿಲ್ಲ.

ಭಾಗ 3/5

"ಹಾಗಿದ್ರೆ ಡೆಲಿವರಿ ಆ್ಯಪ್‌ಗೆ ಹಾಕಲಿ ಬಿಡು" ಅಂತ ನನ್ನ ಫ್ರೆಂಡ್ ಅಂದ. ಬನ್ನಿ, ಬಿಕಾಂ ಓದ್ತಿದ್ದೀವಲ್ಲ, ಲೆಕ್ಕ ಹಾಕೋಣ.

ಕಮಿಷನ್ ಹೋಟೆಲಿಂದ ಹೋಟೆಲಿಗೆ ಬೇರೆ ಇರುತ್ತೆ. ಲೆಕ್ಕಕ್ಕೆ 25% ಅಂತ ಇಟ್ಕೊಳ್ಳಿ.

ಊಟದ ಬೆಲೆ: 90
ಕಮಿಷನ್: 22.50
ಕಮಿಷನ್ ಮೇಲೆ 18% ಜಿಎಸ್‌ಟಿ: 4.05
ಕೈಗೆ ಬರೋದು: 63.45

ಹಿಟ್ಟು, ಎಣ್ಣೆ, ಗ್ಯಾಸ್, ಕೂಲಿ, ಬಾಡಿಗೆ ಎಲ್ಲ ಸೇರಿ ಒಂದು ಊಟಕ್ಕೆ ಹತ್ತಿರ ಹತ್ತಿರ 70 ಬೀಳುತ್ತೆ ಅಂತಾರೆ ಅಕ್ಕ. ಅಂದ್ರೆ ಡಬ್ಬಿ ಖರ್ಚು ಸೇರಿಸೋಕೆ ಮುಂಚೆಯೇ ಊಟಕ್ಕೆ ಆರೂವರೆ ರೂಪಾಯಿ ಲಾಸ್. ಆ 4.05 ಕೂಡ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರಲ್ಲ. ಜಿಎಸ್‌ಟಿ ರಿಜಿಸ್ಟ್ರೇಷನ್ ಇಲ್ಲದ ಸಣ್ಣವರಿಗೂ ಸಿಗಲ್ಲ, 5% ಸ್ಲ್ಯಾಬ್‌ನ ಹೋಟೆಲ್‌ಗೂ ಸಿಗಲ್ಲ.

ಕಾಸ್ಟಿಂಗ್ ಚೆನ್ನಾಗಿ ಓದಿರೋರು ಇಲ್ಲಿ ಕೈ ಎತ್ತುತ್ತೀರ: "ಬಾಡಿಗೆ ಹೇಗೂ ಕಟ್ಟಲೇಬೇಕು, ಮಾರ್ಜಿನಲ್ ಕಾಸ್ಟ್ ನೋಡು." ಕರೆಕ್ಟ್. ಆದ್ರೆ ಅದು ಅಡುಗೆಮನೆ ಖಾಲಿ ಕೂತಿದ್ದಾಗ ಮಾತ್ರ. ಆ್ಯಪ್‌ನಲ್ಲಿ ಆರ್ಡರ್ ಬರೋದೂ ಮಧ್ಯಾಹ್ನ ಒಂದಕ್ಕೇ, ಹಂಚು ತುಂಬಿರೋದೂ ಒಂದಕ್ಕೇ. ಆಗ 63 ರೂಪಾಯಿ ಊಟ ಕಟ್ಟಿಕೊಡಬೇಕಂದ್ರೆ ಎದುರು ಕೂತಿರೋ 90 ರೂಪಾಯಿ ಗಿರಾಕಿನ ಕಾಯಿಸಬೇಕು.

ಇನ್ನೊಂದು ನಷ್ಟ ಲೆಡ್ಜರ್‌ನಲ್ಲಿ ಕಾಣಲ್ಲ. ಆ್ಯಪ್ ಮೂಲಕ ತಿಂದೋರು ಯಾರು, ಅವರ ನಂಬರ್ ಏನು ಅಂತ ಹೋಟೆಲಿನವರಿಗೆ ಸಾಮಾನ್ಯವಾಗಿ ಗೊತ್ತಾಗಲ್ಲ. ಗಿರಾಕಿ ಖಾನಾವಳಿಯವನಾಗಲ್ಲ, ಆ್ಯಪಿನವನಾಗ್ತಾನೆ. ರೆಸ್ಟೋರೆಂಟ್ ಮಾಲೀಕರ ರಾಷ್ಟ್ರೀಯ ಸಂಘ ಎನ್‌ಆರ್‌ಎಐ ಈ ತಕರಾರನ್ನ ವರ್ಷಗಳಿಂದ ಎತ್ತುತ್ತಾ ಬಂದಿದೆ. ಆ ಸಂಘದ ದೂರಿನ ಮೇಲೆ 2022ರ ಏಪ್ರಿಲ್‌ನಲ್ಲಿ ಸ್ಪರ್ಧಾ ಆಯೋಗ ಜೊಮ್ಯಾಟೊ, ಸ್ವಿಗ್ಗಿ ಎರಡರ ಮೇಲೂ ತನಿಖೆಗೆ ಆದೇಶ ಮಾಡಿತ್ತು. ದೊಡ್ಡ ದೊಡ್ಡ ರೆಸ್ಟೋರೆಂಟ್‌ಗಳೇ ಇಷ್ಟು ಒದ್ದಾಡುವಾಗ ಆರು ಟೇಬಲ್ಲಿನ ಅಕ್ಕ ಏನು ಮಾಡ್ಬೇಕು?

ಭಾಗ 4/5

ಮಾಡಬಹುದಾದ್ದು ಫ್ರೀ ಇದೆ. ಗೂಗಲ್ ಬಿಸಿನೆಸ್ ಪ್ರೊಫೈಲ್. ಅಕ್ಕನನ್ನ ಕೇಳಿ, ಅವರ ಪಕ್ಕದಲ್ಲೇ ಕೂತು, ಎರಡು ಮಧ್ಯಾಹ್ನದಲ್ಲಿ ನಾವು ಮಾಡಿದ್ದಿಷ್ಟು:

▪️ ಪಿನ್ ಸರಿಯಾದ ಕ್ರಾಸ್‌ಗೆ ತಂದ್ವಿ. ಬೋರ್ಡ್ ಕಾಣೋ ಹಾಗೆ ಹೊರಗಿನ ಫೋಟೋ ಹಾಕಿದ್ವಿ. ಹೊಸಬರು ಗಲ್ಲಿಯಲ್ಲಿ ಹುಡುಕೋದು ಬೋರ್ಡನ್ನ, ರೊಟ್ಟಿಯ ಕ್ಲೋಸಪ್ ಅಲ್ಲ.

▪️ ಸಮಯ: ಮಧ್ಯಾಹ್ನ ಬೇರೆ, ರಾತ್ರಿ ಬೇರೆ, ನಡುವೆ ಬಂದ್. ಅಮಾವಾಸ್ಯೆಗೆ ಅವರು ತೆಗೆಯಲ್ಲ, ಅದನ್ನ ವಿಶೇಷ ದಿನಗಳ ಜಾಗದಲ್ಲಿ ಮೊದಲೇ ಹಾಕಿದ್ವಿ. ಗಾಂಧಿ ಬಜಾರ್‌ನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ ಅಂತ ಬೆಂಗಳೂರಿನ ಅರ್ಧ ಜನಕ್ಕೆ ಬಾಯಿಪಾಠ. ಅದಕ್ಕೆ 1943ರಿಂದ ಬಂದ ಹೆಸರಿದೆ. ಸಪ್ತಾಪುರದ ಖಾನಾವಳಿಯ ರಜೆ ಯಾರಿಗೆ ಗೊತ್ತಿರುತ್ತೆ?

▪️ ಹೆಸರು ಬೋರ್ಡ್ ಮೇಲೆ ಇರೋ ಹಾಗೇ ಕನ್ನಡದಲ್ಲಿ. ವಿವರದಲ್ಲಿ ಜೋಳದ ರೊಟ್ಟಿ, ಝುಣಕ, ತಿಂಗಳ ಮೆಸ್ ಅನ್ನೋ ಮಾತುಗಳು. ಜನ ಹುಡುಕೋದು ಅದೇ ಪದ ಹೇಳಿ.

▪️ ಬೆಲೆ ಪಟ್ಟಿಯ ಫೋಟೋ. ಬೆಲೆ ಕಂಡ್ರೆ ಸಂಕೋಚ ಇರೋ ಹುಡುಗರು ಧೈರ್ಯವಾಗಿ ಒಳಗೆ ಬರ್ತಾರೆ.

▪️ ಎಲ್ಲಕ್ಕಿಂತ ಮುಖ್ಯ: ಅಕೌಂಟ್ ಅಕ್ಕನ ಫೋನಲ್ಲಿ, ಅಕ್ಕನ ಇಮೇಲ್‌ನಲ್ಲಿ. ನಾನು ಬರೀ ಮ್ಯಾನೇಜರ್. ಡಿಗ್ರಿ ಮುಗಿಸಿ ನಾನು ಊರು ಬಿಟ್ರೂ ಕೀಲಿ ಅವರ ಹತ್ರಾನೇ ಇರ್ಬೇಕು.

ಇದರ ಜೊತೆ ವಾಟ್ಸ್ಆ್ಯಪ್ ಬಿಸಿನೆಸ್, ಅದೂ ಫ್ರೀ. ಬೆಳಗ್ಗೆ ಹನ್ನೊಂದಕ್ಕೆ ಸ್ಟೇಟಸ್: ಇವತ್ತು ಹೆಸರುಕಾಳು ಪಲ್ಯ. ರೊಟ್ಟಿ ಖಾಲಿಯಾದ್ರೆ ಇನ್ನೊಂದು: ಇವತ್ತಿಗೆ ಮುಗೀತು. ಈ ಎರಡನೇ ಸ್ಟೇಟಸ್ ಎಷ್ಟು ಒನ್ ಸ್ಟಾರ್ ಉಳಿಸುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಒಂದು ವಾರ್ನಿಂಗ್. ಪ್ರೊಫೈಲ್ ಆದ ಮೇಲೆ ಫೋನ್‌ಗಳು ಬರ್ತಾವೆ: "ಗೂಗಲ್‌ನಿಂದ ಮಾತಾಡ್ತಿದ್ದೀವಿ, ಇಷ್ಟು ಕಟ್ಟಿ, ನಂಬರ್ ಒನ್ ಮಾಡ್ತೀವಿ." ನಂಬಬೇಡಿ. ಹುಡುಕಿದ್ದಕ್ಕೆ ಎಷ್ಟು ಹೊಂದುತ್ತೆ, ಎಷ್ಟು ಹತ್ತಿರ ಇದೆ, ಎಷ್ಟು ಹೆಸರಿದೆ, ಈ ಮೂರನ್ನ ನೋಡ್ತೀವಿ, ದುಡ್ಡು ಕೊಟ್ಟು ರ‍್ಯಾಂಕ್ ಏರಿಸೋಕೆ ಆಗಲ್ಲ ಅಂತ ಗೂಗಲ್ಲೇ ಬರೆದಿದೆ. ದುಡ್ಡು ಕೊಟ್ರೆ ಜಾಹೀರಾತು ಸಿಗುತ್ತೆ, ಅದು ಬೇರೆ ವಿಷಯ. "ರಿವ್ಯೂ ಹಾಕಿದ್ರೆ ಸೋಡಾ ಫ್ರೀ" ಅನ್ನೋದೂ ಅವರ ರೂಲ್ಸ್‌ಗೆ ವಿರುದ್ಧ.

ಭಾಗ 5/5

ಕೊನೆಗೆ ನಮ್ಮಂಥ ರೀಲ್ ಮಾಡೋರಿಗೆ. ಫ್ರೀ ಊಟ ತಿಂದು ರೀಲ್ ಹಾಕಿದ್ರೆ ಅದೂ ಜಾಹೀರಾತೇ. ದುಡ್ಡು ಕೈಗೆ ಬಂದಿಲ್ಲ ಅಂದ್ರೂ ಹಾಗಂತ ಹೇಳಲೇಬೇಕು ಅಂತ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲೇ ಸ್ಪಷ್ಟ ಮಾಡಿದೆ. ನಮ್ಮಲ್ಲಿ ಎಷ್ಟು ಜನ ಹೇಳ್ತೀವಿ?

ಆದ್ರೆ ಕಾನೂನಿಗಿಂತ ಮೊದಲು ಒಂದು ಸಣ್ಣ ಮರ್ಯಾದೆ ಇದೆ. ಕ್ಯಾಮೆರಾ ತೆಗೆಯೋಕೆ ಮುಂಚೆ ಕೇಳಿ: ದಿನಕ್ಕೆ ಎಷ್ಟು ಊಟ ಮಾಡ್ತೀರಿ? ಇನ್ನೂ ಎಷ್ಟು ಜನ ಬಂದ್ರೆ ಸುಧಾರಿಸ್ತೀರಿ? ಯಾವ ಹೊತ್ತಲ್ಲಿ ಖಾಲಿ ಇರುತ್ತೆ? ಉತ್ತರ "ಇನ್ನೂ ಹತ್ತು ಜನ, ರಾತ್ರಿ ಎಂಟರ ಮೇಲೆ" ಅಂತಿದ್ರೆ ಹತ್ತು ಜನಕ್ಕೆ ತಲುಪೋ ಹಾಗೆ ಮಾಡಿ. ಪಿಜಿ ಗ್ರೂಪಲ್ಲಿ ಒಂದು ಮೆಸೇಜ್ ಸಾಕು. ಲಕ್ಷ ವ್ಯೂಸ್ ನಮಗೆ ಬೇಕಾಗಿರೋದು, ಅವರಿಗಲ್ಲ.

ರಿಸಲ್ಟ್ ಏನಾಯ್ತು ಅಂತ ಕೇಳ್ತೀರ. ಸಾಲು ನಿಂತಿಲ್ಲ. ಪಿನ್ ನೋಡ್ಕೊಂಡು ಪಕ್ಕದ ಪಿಜಿಯಿಂದ ಆಗಾಗ ಹೊಸ ಮುಖ ಬರ್ತಾವೆ. "ತೆಗ್ದಿದೀರೇನ್ರಿ?" ಅಂತ ಫೋನ್ ಬರೋದು ಕಮ್ಮಿ ಆಗಿದೆ, ಅಕ್ಕ ರೊಟ್ಟಿ ಬಡಿಯೋದು ಬಿಟ್ಟು ಏಳಬೇಕಾಗಿಲ್ಲ. ಮೆಸ್ ಬಿಟ್ಟ ಮೂವರಲ್ಲಿ ಒಬ್ಬ ವಾಪಸ್ ಬಂದಿದಾನೆ. ಇನ್ನಿಬ್ಬರು ಬಂದಿಲ್ಲ, ಅದು ನನ್ನ ಲೆಕ್ಕದಲ್ಲೇ ಇರ್ಲಿ.

ನಿಮಗೊಂದು ಕೆಲಸ. ದಿನಾ ಎಲ್ಲಿ ತಿಂತೀರೋ ಆ ಜಾಗವನ್ನ ಈಗಲೇ ಮ್ಯಾಪ್‌ನಲ್ಲಿ ತೆಗೆದು ನೋಡಿ. ಪಿನ್ ಸರಿ ಇದೆಯಾ, ಸಮಯ ಸರಿ ಇದೆಯಾ? ಇಲ್ಲ ಅಂದ್ರೆ ನಾಳೆ ಊಟಕ್ಕೆ ಹೋದಾಗ ಹೇಳಿ, ಬಿಡುವಿನ ಹೊತ್ತಲ್ಲಿ ಅರ್ಧ ಗಂಟೆ ಪಕ್ಕ ಕೂತು ಸರಿ ಮಾಡಿಕೊಡಿ. ಅದಕ್ಕೆ ಲೈಕ್ ಬರಲ್ಲ.

ಖಾನಾವಳಿ ಹೆಸರು ಯಾಕೆ ಹಾಕಿಲ್ಲ ಅಂತ ಕಾಮೆಂಟಲ್ಲಿ ಕೇಳಬೇಡಿ. ಈ ಸಲ ಮೊದಲೇ ಅಕ್ಕನನ್ನ ಕೇಳಿದ್ದೆ. ಬ್ಯಾಡ ಅಂದ್ರು.

#ಧಾರವಾಡ #ಖಾನಾವಳಿ #ಜೋಳದರೊಟ್ಟಿ #ಬಿಕಾಂಲೆಕ್ಕ #ಕನ್ನಡದಲ್ಲೇಬರೀತೀನಿ