‘ತಿಂದ್ರೂ ಕೆಲಸ ಮಾಡ್ತಾನ’ ಅನ್ನೋ ಮಾತು ಇನ್ನಾದರೂ ಬಿಡೋಣ

ನಮ್ಮ ಬಳ್ಳಾರಿ ಕಡೆ ಯಾವ ಹೋಟೆಲ್ ಮುಂದೆ ನಿಂತರೂ ಒಂದು ಮಾತು ಕಿವಿಗೆ ಬೀಳುತ್ತದೆ. “ಎಲ್ಲಾರೂ ತಿಂತಾರ ಬಿಡ್ರಿ. ಈತ ತಿಂದ್ರೂ ಕೆಲಸ ಮಾಡ್ತಾನ.” ಒಗ್ಗರಣೆ ಮಿರ್ಚಿ ತಿನ್ನುತ್ತಾ ಒಬ್ಬರು ಹೇಳುತ್ತಾರೆ, ನಾಲ್ಕು ಮಂದಿ ತಲೆಯಾಡಿಸುತ್ತಾರೆ. ಅಲ್ಲಿಗೆ ಚರ್ಚೆ ಮುಗಿಯಿತು.

ಈ ಮಾತು ಕೇಳಲು ಬುದ್ಧಿವಂತರ ಮಾತಿನಂತಿದೆ. ಆದರೆ ನಮ್ಮ ಊರುಗಳನ್ನು ಇದಕ್ಕಿಂತ ಹೆಚ್ಚು ಹಾಳು ಮಾಡಿದ ಮಾತು ಇನ್ನೊಂದಿಲ್ಲ ಅನ್ನುವುದು ನನ್ನ ವಾದ. ಪಕ್ಷದ ಮಾತು ಆಡುತ್ತಿಲ್ಲ. ಯಾವ ಬಾವುಟ ಹಿಡಿದವರಾದರೂ ಕೊನೆತನಕ ಓದಿ, ಆಮೇಲೆ ಬೈಯಿರಿ.

ಮೊದಲು ಲೆಕ್ಕ ಹಾಕೋಣ. ನಿಮ್ಮ ಓಣಿಗೆ 10 ಲಕ್ಷದ ಸಿ.ಸಿ. ರಸ್ತೆ ಬಂತು ಅಂದುಕೊಳ್ಳಿ. ಅದರಲ್ಲಿ 3 ಲಕ್ಷ ‘ಪರ್ಸೆಂಟೇಜ್’ ಅಂತ ಹೋಯಿತು. 7 ಲಕ್ಷದ ರಸ್ತೆಯಾದರೂ ಆಗುತ್ತದಲ್ಲ ಎನ್ನುತ್ತೀರಿ. ಆಗುವುದಿಲ್ಲ. ಗುತ್ತಿಗೆದಾರ ತನ್ನ ಲಾಭ ಬಿಡುವುದಿಲ್ಲ. ಸಿಮೆಂಟ್ ಕಡಿಮೆ, ದಪ್ಪ ಕಡಿಮೆ, ಹಾಕಿದ ಮೇಲೆ ನೀರುಣಿಸುವುದೂ ಕಡಿಮೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಜಲ್ಲಿ ಮೇಲೆದ್ದು ಬರುತ್ತದೆ. ಆಮೇಲೆ ಅದೇ ರಸ್ತೆಗೆ ಹೊಸ ಎಸ್ಟಿಮೇಟ್, ಹೊಸ ಬಿಲ್, ಹೊಸ ಪರ್ಸೆಂಟೇಜ್. ಎರಡನೇ ಭೂಮಿಪೂಜೆಗೂ ತೆಂಗಿನಕಾಯಿ ಹಿಡಿದು ನಿಲ್ಲುವವರು ನಾವೇ. ಅದಕ್ಕೇ ‘ಕೆಲಸ ಮಾಡ್ತಾನ’ ಅನ್ನುತ್ತೇವೆ! ಒಂದೇ ಕೆಲಸ ಎರಡು ಸಲ ಆಯಿತು ಅಂದರೆ ನಿಮ್ಮ ಶಾಲೆಯ ಕೋಣೆಗೆ ಬರಬೇಕಿದ್ದ ದುಡ್ಡು ಆ ರಸ್ತೆಯಲ್ಲೇ ಹೂತುಹೋಯಿತು ಅಂತ ಅರ್ಥ.

ದುಡ್ಡು ಹೋಗುವುದು ಒಂದು ಕಡೆ. ಬಾಯಿ ಹೋಗುವುದು ಇನ್ನೊಂದು ಕಡೆ. ಗುತ್ತಿಗೆದಾರನಿಂದ ತಿಂದ ನಾಯಕ ಎಂಜಿನಿಯರನ್ನು ಯಾವ ಬಾಯಲ್ಲಿ ಕೇಳುತ್ತಾನೆ? ಕೇಳಿದರೆ ಅವರು ಇವನ ಲೆಕ್ಕ ತೆಗೆಯುತ್ತಾರೆ. ಹಾಗಾಗಿ ಸಭೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಹಾರ ಹಾಕಿ ಎದ್ದು ಹೋಗುತ್ತಾರೆ. ನಾಯಕನ ಪ್ರಾಮಾಣಿಕತೆ ಪೂಜೆ ಮಾಡುವುದಕ್ಕೆ ಇರುವ ಗುಣವಲ್ಲ. ಅದು ಕೆಲಸದ ಹತಾರ. ಕೈ ಚೊಕ್ಕ ಇದ್ದವನಿಗೆ ಮಾತ್ರ ಇನ್ನೊಬ್ಬನ ಕೈ ಹಿಡಿದು ನಿಲ್ಲಿಸಲು ಆಗುತ್ತದೆ.

ಇದು ನಂಬಿಕೆ ಬರದಿದ್ದರೆ ನಮ್ಮ ಸೀಮೆಯನ್ನೇ ನೋಡಿ. ಸಂಡೂರು, ಹೊಸಪೇಟೆ ಕಡೆಯ ರೈತರಿಗೆ ಆ ಕೆಂಪು ದೂಳಿನ ಕಥೆ ಹೊಸದಾಗಿ ಹೇಳಬೇಕಿಲ್ಲ. ಅದಿರು ತುಂಬಿದ ಲಾರಿಗಳು ರಸ್ತೆ ಕಿತ್ತವು, ಬೆಳೆಯ ಮೇಲೆ ದೂಳು ಕೂತಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಕೊಟ್ಟ ವರದಿ ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಆ ವರ್ಷದ ಜನಗಣತಿ ಪ್ರಕಾರ ರಾಜ್ಯದ ಜನಸಂಖ್ಯೆ 6.11 ಕೋಟಿ. ಭಾಗಿಸಿ ನೋಡಿ. ತೊಟ್ಟಿಲ ಕೂಸನ್ನೂ ಸೇರಿಸಿ ತಲೆಗೆ 2,600 ರೂಪಾಯಿ ದಾಟುತ್ತದೆ. ಐದು ಜನರ ಮನೆಗೆ 13,000. ಚುನಾವಣೆ ಹಿಂದಿನ ರಾತ್ರಿ ಬಾಗಿಲಿಗೆ ಬರುವ ನೋಟು ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಕೊಟ್ಟಿದ್ದೆಷ್ಟು, ಒಯ್ದಿದ್ದೆಷ್ಟು?

ಆ ನೋಟಿನ ಬಗ್ಗೆಯೇ ಇನ್ನೊಂದು ಮಾತು ಹೇಳಬೇಕು. ಕರ್ನಾಟಕದಲ್ಲಿ ವಿಧಾನಸಭೆ ಅಭ್ಯರ್ಥಿಯೊಬ್ಬರು ಖರ್ಚು ಮಾಡಬಹುದಾದ ಮಿತಿ 40 ಲಕ್ಷ ರೂಪಾಯಿ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಬೇಕು. ಈಗ ಒಂದು ಕ್ಷೇತ್ರದಲ್ಲಿ 50,000 ಜನಕ್ಕೆ ತಲಾ 1,000 ಹಂಚಿದರೆ ಎಷ್ಟಾಯಿತು? 5 ಕೋಟಿ. ಹಾಗೆ ಹಂಚಿ ಗೆದ್ದವನು ಕೊಡುವ ಲೆಕ್ಕದಲ್ಲಿ ಆ 5 ಕೋಟಿ ಇರುವುದಿಲ್ಲ. ಅಂದರೆ ಶಾಸಕನಾಗಿ ಆತ ಕೊಡುವ ಮೊದಲ ಲೆಕ್ಕವೇ ಸುಳ್ಳು. ಸುಳ್ಳಿನಿಂದ ಖಾತೆ ತೆರೆದವನು ಮುಂದಿನ ಐದು ವರ್ಷ ನಿಜ ಬರೆಯುತ್ತಾನೆ ಅಂತ ನಾವು ಕಾಯುತ್ತೇವೆ.

ಆ ಸುಳ್ಳಿಗೆ ಸಾಕ್ಷಿ ಯಾರು? ನೋಟು ತೆಗೆದುಕೊಂಡ ನಾವು. ಅದಕ್ಕೇ ಆಮೇಲೆ ನಾವೂ ಕೇಳುವುದಿಲ್ಲ. ಕೇಳಿದರೆ, “ನಿನ್ನ ಓಟಿಗೆ ರೊಕ್ಕ ಕೊಟ್ಟೀನಲ್ಲಪ್ಪ” ಅನ್ನುತ್ತಾನೆ. ಕೂಲಿಗೆ ಹೋಗುವ ಅಕ್ಕ ಆ ನೋಟು ತೆಗೆದುಕೊಂಡಿದ್ದನ್ನು ನಾನು ಹಂಗಿಸುವುದಿಲ್ಲ. ಎಣ್ಣೆ, ಅಕ್ಕಿಗೆ ಅದು ಬೇಕಾಗಿರುತ್ತದೆ. ತಪ್ಪು ಮೊದಲು ಕೊಟ್ಟವನದು. ಆದರೆ ಆ ನೋಟು ಓಟಿನ ಬೆಲೆ ಅಲ್ಲ, ನಮ್ಮ ಬಾಯಿಗೆ ಹಾಕುವ ಬೀಗ. ಅದು ಗೊತ್ತಿರಲಿ.

“ಇದೆಲ್ಲಾ ಪುಸ್ತಕದ ಮಾತು, ಹಂಗ ಗೆಲ್ಲಾಕ ಆಗಂಗಿಲ್ಲ” ಅನ್ನುವವರಿಗೆ ಶಾಂತವೇರಿ ಗೋಪಾಲಗೌಡರ ಹೆಸರು ನೆನಪಿಸುತ್ತೇನೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದು ನಿಂತಾಗ ಸಮಾಜವಾದಿಗಳು ಅವರ ಜೊತೆ ಜೈಲಿಗೆ ಹೋದರು. ಮರುವರ್ಷ, 1952ರ ಚುನಾವಣೆಯಲ್ಲಿ ಆ ಸೀಮೆಯಿಂದಲೇ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಜನರಿಂದ ಓಟಿನ ಜೊತೆಗೆ ನೋಟನ್ನೂ ಕೇಳಿ ಗೆದ್ದವರು ಅಂತ ಮಲೆನಾಡಿನಲ್ಲಿ ಇಂದಿಗೂ ಹೇಳುತ್ತಾರೆ. ಜನರ ದುಡ್ಡಿನಲ್ಲಿ ಗೆದ್ದವನು ಜನರಿಗೆ ಬಗ್ಗುತ್ತಾನೆ. ಗುತ್ತಿಗೆದಾರನ ದುಡ್ಡಿನಲ್ಲಿ ಗೆದ್ದವನು ಗುತ್ತಿಗೆದಾರನಿಗೆ ಬಗ್ಗುತ್ತಾನೆ. ಇಷ್ಟೇ ವ್ಯತ್ಯಾಸ. 1957ರಲ್ಲಿ ಅವರು ಸೋತರು ಕೂಡ. ಸೋತ ಮೇಲೆ ಮತ್ತೆ ಎರಡು ಸಲ ಗೆದ್ದರು. ಪ್ರಾಮಾಣಿಕನಿಗೆ ಸೋಲು ಇಲ್ಲ ಅಂತ ನಾನು ಹೇಳುತ್ತಿಲ್ಲ. ಸೋತರೂ ಜನರ ಮುಂದೆ ತಲೆ ಎತ್ತಿ ಮತ್ತೆ ಬರುವ ದಾರಿ ಅವನಿಗಿದೆ.

ಇನ್ನು, ಪ್ರಾಮಾಣಿಕತೆ ಅಂದರೆ ಬರೀ ಲಂಚ ಮುಟ್ಟದಿರುವುದಲ್ಲ. ‘ಆಗಲ್ಲ’ ಅನ್ನುವ ಮಾತನ್ನು ಮುಖಕ್ಕೆ ಹೇಳುವುದೂ ಪ್ರಾಮಾಣಿಕತೆಯೇ. ಮಗನ ನೌಕರಿ, ಕೆರೆಗೆ ನೀರು, ಬಗರ್‌ಹುಕುಂ ಪಟ್ಟಾ, ಏನು ಕೇಳಿದರೂ “ಆಗ್ತದ, ಮಾಡೋಣ” ಅನ್ನುವವನನ್ನು ನಾವು ಒಳ್ಳೆಯವನು ಅನ್ನುತ್ತೇವೆ. ಆ ‘ಮಾಡೋಣ’ ನಂಬಿ ವರ್ಷಗಟ್ಟಲೆ ಕಚೇರಿ ಮೆಟ್ಟಿಲು ಸವೆಸಿದವರು ಪ್ರತಿ ಊರಲ್ಲೂ ಸಿಗುತ್ತಾರೆ. ಆಗದಿದ್ದನ್ನು ಆಗುವುದಿಲ್ಲ ಎಂದಿದ್ದರೆ ಅವರು ಬೇರೆ ದಾರಿಯನ್ನಾದರೂ ನೋಡಿಕೊಳ್ಳುತ್ತಿದ್ದರು.

ತಪ್ಪಾದಾಗ ಹೊಣೆ ಹೊರುವುದೂ ಅದೇ ಗುಣ. 1956ರ ನವೆಂಬರ್‌ನಲ್ಲಿ ತಮಿಳುನಾಡಿನ ಅರಿಯಲೂರು ಬಳಿ ರೈಲು ಅಪಘಾತವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಮಂತ್ರಿಯಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟರು. ರೈಲು ಓಡಿಸಿದ್ದು ಅವರಲ್ಲ. ಆದರೂ ಖಾತೆ ನನ್ನದು, ಹೊಣೆಯೂ ನನ್ನದು ಎಂದು ನಡೆದುಕೊಂಡರು. ಎಂಟು ವರ್ಷದ ನಂತರ ಅವರು ದೇಶದ ಪ್ರಧಾನಿಯಾದರು. ಈಗ ನಮ್ಮಲ್ಲಿ ಸೇತುವೆ ಕುಸಿದರೆ ಸಿಕ್ಕಿಬೀಳುವುದು ಕಿರಿಯ ಎಂಜಿನಿಯರ್ ಮಾತ್ರ.

“ಪ್ರಾಮಾಣಿಕ ಇದ್ದರೆ ಸಾಕೇನು, ಕೆಲಸ ಬರಬೇಕಲ್ಲ?” ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಕೆಲಸ ಬರಲೇಬೇಕು. ಆದರೆ ಕಸುವುಳ್ಳ ಎತ್ತು ಬೇರೆಯವರ ಹೊಲ ಉಳುತ್ತಿದ್ದರೆ ನಿಮಗೇನು ಬಂತು? ಮೇವು ಹಾಕುವುದು ಮಾತ್ರ ನೀವು.

ಕಾನೂನು ಇದೆಯಲ್ಲ, ಅದು ನೋಡಿಕೊಳ್ಳುತ್ತದೆ ಅಂತಲೂ ಕೂರುವ ಹಾಗಿಲ್ಲ. 2016ರ ಮಾರ್ಚ್‌ನಲ್ಲಿ ಸರ್ಕಾರ ಎಸಿಬಿ ಹುಟ್ಟುಹಾಕಿ ಲೋಕಾಯುಕ್ತದ ಹಲ್ಲು ಕಿತ್ತಿತು. ಆಮೇಲಿನ ವರ್ಷಗಳಲ್ಲಿ ರಾಜ್ಯದ ಮೂರೂ ದೊಡ್ಡ ಪಕ್ಷಗಳು ಅಧಿಕಾರದ ರುಚಿ ನೋಡಿದವು. ಒಂದೂ ಆ ಆದೇಶ ಹಿಂಪಡೆಯಲಿಲ್ಲ. ಕೊನೆಗೆ 2022ರ ಆಗಸ್ಟ್‌ನಲ್ಲಿ ಹೈಕೋರ್ಟೇ ಎಸಿಬಿಯನ್ನು ರದ್ದು ಮಾಡಬೇಕಾಯಿತು. ವೇದಿಕೆ ಮೇಲೆ ಕಚ್ಚಾಡುವವರು ಈ ಒಂದು ವಿಷಯದಲ್ಲಿ ಎಷ್ಟು ಒಗ್ಗಟ್ಟಾಗಿದ್ದರು ನೋಡಿ.

ಹಾಗಾದರೆ ನಾವೇನು ಮಾಡಬೇಕು? ವಿಧಾನಸೌಧ ದೂರ. ಪಂಚಾಯಿತಿಯಿಂದ ಶುರು ಮಾಡೋಣ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂತು. ದುಡ್ಡು ಗುಡಿ ಕಟ್ಟಲು ಅಂತ ಸಮಜಾಯಿಷಿ. ದೇವರ ಹೆಸರಲ್ಲಿ ಹರಾಜು ಕೂಗಿದರೂ ಅದು ಹರಾಜೇ. ಲಕ್ಷ ಕೊಟ್ಟು ಕುರ್ಚಿ ಕೊಂಡವನು ಆ ಲಕ್ಷವನ್ನು ದೇವರಿಂದ ವಾಪಸ್ ಕೇಳುವುದಿಲ್ಲ. ನಿಮ್ಮ ನಲ್ಲಿ, ಚರಂಡಿ, ನರೇಗಾ ಕೂಲಿಯಿಂದ ತೆಗೆಯುತ್ತಾನೆ. ನಿಮ್ಮೂರಲ್ಲಿ ಹರಾಜಿನ ಮಾತು ಬಂದರೆ ಒಬ್ಬರಾದರೂ ಎದ್ದು ಬೇಡ ಅನ್ನಿ.

ಇನ್ನೂ ಎರಡು ಕೆಲಸ ಇವೆ, ಎರಡೂ ಈ ಫೋನ್ ಹಿಡಿದವರು ಮಾಡಬಹುದಾದವು. ಅಭ್ಯರ್ಥಿಯ ಆಸ್ತಿ, ಸಾಲ, ಕೇಸುಗಳ ಅಫಿಡವಿಟ್ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಹೋದ ಸಲದ್ದು, ಈ ಸಲದ್ದು ಎರಡನ್ನೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಎರಡನೆಯದು, ನಿಮ್ಮ ಓಣಿಯ ಒಂದು ಕಾಮಗಾರಿಯ ಎಸ್ಟಿಮೇಟ್ ಮತ್ತು ಬಿಲ್ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಆ ಕಾಗದ ಹಿಡಿದು ಗ್ರಾಮಸಭೆಗೆ ಹೋಗಿ, ಟೇಪು ಹಿಡಿದು ರಸ್ತೆಯ ದಪ್ಪ ಅಳೆಯೋಣ ಬನ್ನಿ ಅನ್ನಿ. ಚೊಕ್ಕ ಇರುವವನು ನಿಮ್ಮ ಜೊತೆ ಬರುತ್ತಾನೆ. ಚೊಕ್ಕ ಇಲ್ಲದವನಿಗೆ ಅವತ್ತೇ ಎಲ್ಲಿಲ್ಲದ ತುರ್ತು ಕೆಲಸ ಬರುತ್ತದೆ.

ಮುಂದಿನ ಸಲ ಯಾರಾದರೂ “ತಿಂದ್ರೂ ಕೆಲಸ ಮಾಡ್ತಾನ” ಅಂದರೆ ಸುಮ್ಮನೆ ತಲೆಯಾಡಿಸಬೇಡಿ. ಒಂದೇ ಪ್ರಶ್ನೆ ಕೇಳಿ: “ಯಾರ ತಾಟಿನಿಂದ ತಿಂದ?”